ಪರ್ಸೋನಾ 3: ಯಾವ ಆವೃತ್ತಿ ಆಡಬೇಕು?
ಜಪಾನಿನ ಅಟ್ಲಸ್ ಕಂಪನಿಯ ‘ಪರ್ಸೋನಾ 3’ 2006ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ರೋಲ್ ಪ್ಲೇಯಿಂಗ್ ಗೇಮ್. ಹಗಲು ಹೈಸ್ಕೂಲು, ಗೆಳೆತನ; ನಡುರಾತ್ರಿ ಟಾರ್ಟರಸ್ ಎಂಬ ಗೋಪುರ ಹತ್ತಿ ಶ್ಯಾಡೋ ಎಂಬ ರಾಕ್ಷಸರೊಡನೆ ಕಾಳಗ. ಮರುವರ್ಷ ಬಂದ ‘ಎಫ್‌ಇಎಸ್’ ಆವೃತ್ತಿ, ಕಥೆ ಮುಗಿದ ಮೇಲಿನ ಘಟನೆಗಳನ್ನು ಹೇಳುವ ‘ದಿ ಆನ್ಸರ್’ ಎಂಬ ಭಾಗವನ್ನು ಸೇರಿಸಿತು. ಇವೆರಡರ ಮುಖ್ಯ ಕಥೆಯಲ್ಲೂ ಆಟಗಾರನ ಹಿಡಿತದಲ್ಲಿರುವುದು ನಾಯಕನೊಬ್ಬನೇ. ಸಂಗಡಿಗರಿಗೆ ಸ್ಥೂಲವಾದ ಸೂಚನೆ ಕೊಡಬಹುದು, ಅಷ್ಟೆ. ಹಿಮದ ಮಂತ್ರ ಬೇಕಾದ ಹೊತ್ತಿಗೆ ಸಂಗಡಿಗರಲ್ಲೊಬ್ಬಳಾದ ಮಿತ್ಸುರು ಶತ್ರುವನ್ನು ಮರುಳುಗೊಳಿಸುವ ‘ಮರಿನ್ ಕರಿನ್’ ಹಿಡಿದು ಕೂರುವುದು ಹಳೆಯ ಆಟಗಾರರಿಗೆಲ್ಲ ಗೊತ್ತು. 2009ರಲ್ಲಿ ಪಿಎಸ್‌ಪಿಗೆ ಬಂದ ‘ಪೋರ್ಟಬಲ್’ ಈ ತೊಡಕನ್ನು ನೀಗಿಸಿ, ಪ್ರತಿಯೊಬ್ಬರಿಗೂ ನೇರ ಆದೇಶ ಕೊಡುವ ಅವಕಾಶ ತಂದಿತು. ಅದಕ್ಕಿಂತ ದೊಡ್ಡ ಕೊಡುಗೆ ನಾಯಕಿ: ಅವಳಾಗಿ ಆಡಿದರೆ ತಂಡದ ಹುಡುಗರೊಡನೆಯೂ ಆಪ್ತ ಸ್ನೇಹ ಬೆಳೆಯುತ್ತದೆ, ಅದೇ ಕಥೆ ಬೇರೆಯೇ ಮನಸ್ಸಿನಿಂದ ಕಾಣುತ್ತದೆ. ಆದರೆ ಊರಿನಲ್ಲಿ ಓಡಾಟವಿಲ್ಲ; ನಿಂತ ಚಿತ್ರದ ಮೇಲೆ ಕರ್ಸರ್ ಸರಿಸಬೇಕು. 2024ರ ‘ರೀಲೋಡ್’ ಇಡೀ ಆಟವನ್ನು ಹೊಸದಾಗಿ ಕಟ್ಟಿದೆ. ನೋಟ, ದನಿ, ಕಾಳಗ ಎಲ್ಲದರಲ್ಲೂ ಇದೇ ಮೇಲು. ನಾಯಕಿಯನ್ನು ಕೈಬಿಟ್ಟದ್ದು ಮಾತ್ರ ನಿಜವಾದ ನಷ್ಟ. ‘ದಿ ಆನ್ಸರ್’ಗೂ ಬೇರೆ ಹಣ ತೆರಬೇಕು. ಮೊದಲ ಸಲ ಆಡುವವರಿಗೆ ರೀಲೋಡ್ ಸರಿ. ಕಥೆ ಮನಸ್ಸಿಗೆ ಹತ್ತಿದವರು ಎರಡನೆಯ ಸುತ್ತಿಗೆ ಪೋರ್ಟಬಲ್ ಹಿಡಿದು ನಾಯಕಿಯನ್ನೇ ಆರಿಸಿಕೊಳ್ಳಬೇಕು. 2023ರಿಂದ ಅದು ಪಿಸಿಯಲ್ಲೂ ಹೊಸ ಕನ್ಸೋಲ್‌ಗಳಲ್ಲೂ ಸಿಗುತ್ತದೆ.