ಸಾಕಿದ ಅಪ್ಪನಿಗೆ ಹೊಣೆ ಇಲ್ಲವೇ?

ಮೊನ್ನೆ ಬೆಟ್ಟಂಪಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪರಿಚಯದ ಅಕ್ಕ ಒಬ್ಬರು ಸಿಕ್ಕಿದರು. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳ ಜೊತೆಗೇ ಇನ್ನೊಂದು ಮದುವೆಯಾದವರು. ಒಂಬತ್ತು ವರ್ಷ ಮಗಳು ಆ ಮನುಷ್ಯನನ್ನೇ ‘ಅಪ್ಪ’ ಎಂದಳು. ಶಾಲೆಯ ಪ್ರಗತಿ ಪತ್ರಕ್ಕೆ ಸಹಿ ಹಾಕುತ್ತಿದ್ದದ್ದೂ ಅವರೇ. ಈಗ ಗಂಡ ಹೆಂಡತಿ ಬೇರೆಯಾಗಿದ್ದಾರೆ. “ಹುಡುಗಿಯ ಖರ್ಚಿಗೂ ನನಗೂ ಸಂಬಂಧ ಇಲ್ಲ ಅಂತಾರೆ. ಹಾಗೆ ಹೇಳ್ಲಿಕ್ಕೆ ಉಂಟಾ?” ಎಂದು ಕೇಳಿದರು.

ಉಂಟು ಮಾರಾಯ್ರೆ, ಅದೇ ಬೇಸರದ ಸಂಗತಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ತಂದೆ ತಾಯಿ ತಮ್ಮ ಮಕ್ಕಳನ್ನು ಸಾಕಲೇಬೇಕು. ಮದುವೆಯ ಹೊರಗೆ ಹುಟ್ಟಿದವರನ್ನೂ ಅದು ಬಿಟ್ಟಿಲ್ಲ. ಮಲಮಕ್ಕಳ ಮಾತು ಮಾತ್ರ ಅಲ್ಲಿಲ್ಲ. ತಮಾಷೆ ನೋಡಿ, ಸ್ವಂತ ಮಕ್ಕಳಿಲ್ಲದ ಮಲತಾಯಿಯನ್ನು ಅದೇ ಸೆಕ್ಷನ್ ‘ಪೋಷಕರು’ ಎಂದು ಲೆಕ್ಕ ಹಿಡಿದಿದೆ. ವಯಸ್ಸಾದ ಮೇಲೆ ಅವಳನ್ನು ಮಲಮಗ ನೋಡಿಕೊಳ್ಳಬೇಕು. ಅದು ಸರಿಯೇ. ಆದರೆ ಅದೇ ನ್ಯಾಯ ಚಿಕ್ಕ ಮಗುವಿಗೆ ಯಾಕಿಲ್ಲ? ಹಿಂದೆ ಅಳಿಯಕಟ್ಟಿನ ಮನೆಗಳಲ್ಲಾದರೆ ಮಗು ತಾಯಿಮನೆಗೇ ಸೇರಿದ್ದು, ಸೋದರಮಾವ ನೋಡಿಕೊಳ್ಳುತ್ತಿದ್ದ. ಈಗ ಮಾವಂದಿರಿಗೂ ಅವರವರದ್ದೇ ಸಂಸಾರ.

ಇಂಗ್ಲೆಂಡಿನ 1973ರ ಕಾಯ್ದೆಯಲ್ಲಿ ‘ಕುಟುಂಬದ ಮಗು’ ಎಂಬ ಮಾತಿದೆ. ದಂಪತಿ ತಮ್ಮದೇ ಮಗುವಿನಂತೆ ನೋಡಿಕೊಂಡಿದ್ದರೆ, ವಿಚ್ಛೇದನದ ಹೊತ್ತಿಗೆ ಮಲತಂದೆಯೂ ಖರ್ಚು ಕೊಡಬೇಕೆಂದು ಕೋರ್ಟು ಹೇಳಬಹುದು. ನಮ್ಮಲ್ಲೂ ಇದು ಬೇಕು. “ನಾಲ್ಕು ದಿನ ಸಾಕಿದವನ ತಲೆಗೆ ಕಟ್ಟಿದರೆ ಮಕ್ಕಳಿರುವ ಹೆಂಗಸನ್ನು ಯಾರು ಮದುವೆಯಾಗ್ತಾರೆ?” ಎಂದು ನಮ್ಮ ಮನೆಯವರು ವಾದ ಹೂಡಿದರು. ಅದರಲ್ಲೂ ಹುರುಳಿಲ್ಲ ಅನ್ನಲಾರೆ. ಆದರೆ ಒಂಬತ್ತು ವರ್ಷ ನಾಲ್ಕು ದಿನವಲ್ಲವಲ್ಲ!

ಸದ್ಯಕ್ಕೆ ಒಂದು ದಾರಿ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ‘ಮಗು’ ಅಂದರೆ ಮಲಮಗುವೂ ಸೇರುತ್ತದೆ. ಹೊಡೆತ ಬಡಿತ ಮಾತ್ರವಲ್ಲ, ಮನೆಖರ್ಚಿಗೆ ಕೊಡದೆ ಸತಾಯಿಸುವುದೂ ಅಲ್ಲಿ ಹಿಂಸೆಯೇ. ಹಾಗೆ ನಡೆದಿದ್ದರೆ ತನಗೂ ಮಗುವಿಗೂ ಜೀವನಾಂಶ ಬೇಕೆಂದು ತಾಯಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿದರೆ, ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ವಕೀಲರ ನೆರವು ಉಚಿತ.

ಹೆತ್ತ ಅಪ್ಪನನ್ನೂ ಮರೆಯಬೇಡಿ. ತಾಯಿ ಮರುಮದುವೆಯಾದ ಮಾತ್ರಕ್ಕೆ ಅವನ ಹೊಣೆ ತಪ್ಪುವುದಿಲ್ಲ. ತೀರಿಕೊಂಡಿದ್ದರೆ ಅವನ ಆಸ್ತಿಯಲ್ಲಿ ಮಗುವಿಗೆ ಪಾಲುಂಟು. ಈ ಅಕ್ಕ ಸಂಕೋಚದಿಂದ ಆ ಮನೆಯ ಅಡಿಕೆ ತೋಟದ ಸುದ್ದಿಯನ್ನೇ ಎತ್ತಿರಲಿಲ್ಲವಂತೆ.

ಮರುಮದುವೆಗೆ ಹೊರಟವರು ಮಗುವಿನ ದತ್ತು ವಿಚಾರವನ್ನು ಮೊದಲೇ ಮಾತಾಡಿಕೊಳ್ಳಿ. ಶಾಲೆಯಲ್ಲಿ ಹೊಸ ಅಪ್ಪನ ಹೆಸರು ಬರೆಸಿದರೆ ದತ್ತು ಆಗುವುದಿಲ್ಲ. ಕ್ರಮಪ್ರಕಾರ ಆದ ದತ್ತು ರದ್ದಾಗುವುದಿಲ್ಲ, ಬೇರೆಯಾದರೂ ಆತ ಅಪ್ಪನೇ. ಹೆತ್ತ ಅಪ್ಪ ಬದುಕಿದ್ದರೆ ಅವನ ಒಪ್ಪಿಗೆ ಬೇಕು, ಆಮೇಲೆ ಅವನ ಹತ್ತಿರ ಜೀವನಾಂಶ ಕೇಳುವಂತಿಲ್ಲ. ಅದನ್ನೂ ಯೋಚಿಸಿಕೊಳ್ಳಿ.

ಅಕ್ಕನ ಜೊತೆ ಸೋಮವಾರ ಪುತ್ತೂರಿಗೆ ಹೊರಟಿದ್ದೇನೆ. ಮಗಳ ಜನನ ಪ್ರಮಾಣಪತ್ರ, ಮೊದಲ ಗಂಡನ ಮರಣ ಪ್ರಮಾಣಪತ್ರ, ತೋಟದ ಆರ್‌ಟಿಸಿ ಹಿಡಿದುಕೊಂಡು ಬರಲಿಕ್ಕೆ ಹೇಳಿದ್ದೇನೆ.