ಬೊಂಬೆಯಮ್ಮನ ತುತ್ತು

ಮಕ್ಕಳೇ, ಕೈಬೊಂಬೆಯಿಂದ ತುತ್ತು ತಿಂದ ಹಕ್ಕಿಮರಿಯ ಕಥೆ ಗೊತ್ತೇ?

ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ದೈತ್ಯ ರಣಹದ್ದು. ರೆಕ್ಕೆ ಬಿಚ್ಚಿದರೆ 9 ಅಡಿಗೂ ಹೆಚ್ಚು! ಗುಂಡೇಟಿಗೆ, ಸತ್ತ ಬೇಟೆಯಲ್ಲಿದ್ದ ಸೀಸದ ವಿಷಕ್ಕೆ ಬಲಿಯಾಗಿ 1982ರಲ್ಲಿ ಉಳಿದದ್ದು ಬರೀ 22. 1987ರ ಹೊತ್ತಿಗೆ ಕಾಡಿನಲ್ಲಿದ್ದವನ್ನೆಲ್ಲ ಹಿಡಿದು ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್ ಮೃಗಾಲಯಗಳಲ್ಲಿ ಸಾಕಿದರು.

ಕಾಂಡೋರ್ ಇಡುವುದು ಒಂದೇ ಮೊಟ್ಟೆ. ಅದನ್ನು ತೆಗೆದರೆ ಇನ್ನೊಂದು ಇಡುತ್ತದೆ! ತೆಗೆದ ಮೊಟ್ಟೆಗೆ ಯಂತ್ರದಲ್ಲಿ ಕಾವು ಕೊಟ್ಟರು. ಮರಿ ಮನುಷ್ಯರನ್ನೇ ಅಮ್ಮ ಎಂದುಕೊಳ್ಳಬಾರದಲ್ಲ? ಅದಕ್ಕೇ ತಾಯಿಹಕ್ಕಿಯ ತಲೆಯಂಥ ಬೊಂಬೆ ತೊಟ್ಟು ಉಣಿಸಿದರು. 1992ರಿಂದ ಮತ್ತೆ ಕಾಡಿಗೆ ಬಿಟ್ಟರು. ಈಗ 500ಕ್ಕೂ ಹೆಚ್ಚಿವೆ.

ಆದರೆ ಸೀಸದ ವಿಷ ಇನ್ನೂ ಕೊಲ್ಲುತ್ತಿದೆ. ಮೃಗಾಲಯ ಮರಿ ಬೆಳೆಸಬಹುದು. ಕಾಡಿನ ತುತ್ತಿಗೆ ವಿಷ ಬೆರೆಯದಂತೆ ನೋಡಿಕೊಳ್ಳಬೇಕಾದವರು ನಾವೇ.

ಅಜ್ಜ-ಅಜ್ಜಿಯರೇ, ನಿಮ್ಮೂರ ಬಾನಿನಲ್ಲಿ ಹಿಂದೆ ಕಂಡ ರಣಹದ್ದುಗಳ ಕಥೆ ಹೇಳುವಿರಾ?