ಕಾರ್ಖಾನೆ ನಿಂತಿದ್ದ ನೆಲದ ಪರೀಕ್ಷೆಯೂ ಶುದ್ಧೀಕರಣವೂ

ಜಮೀನನ್ನು ಕೊಳ್ಳುವವರು ಪಹಣಿಯನ್ನೂ ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ತಪ್ಪದೆ ನೋಡುವರು. ಎಲ್ಲೆಕಲ್ಲುಗಳನ್ನು ಅಳೆಯಿಸುವರು, ನೆರೆಯವರನ್ನು ವಿಚಾರಿಸಿ ವ್ಯಾಜ್ಯವಿಲ್ಲವೆಂಬುದನ್ನು ದೃಢಪಡಿಸಿಕೊಳ್ಳುವರು. ಇಷ್ಟು ಎಚ್ಚರಿಕೆಯುಳ್ಳವರು ಸಹ ಆ ನೆಲದ ಮಣ್ಣಿನೊಳಗೆ ಏನು ಸೇರಿದೆ, ಅದರ ಕೆಳಗಿನ ನೀರಿನಲ್ಲಿ ಏನು ಬೆರೆತಿದೆ ಎಂದು ಕೇಳುವುದು ಅಪೂರ್ವ. ಹೊಲವು ಹೊಲವಾಗಿಯೇ ಇದ್ದ ಕಾಲದಲ್ಲಿ ಈ ಉಪೇಕ್ಷೆಯಿಂದ ಹೆಚ್ಚಿನ ಹಾನಿಯಿರಲಿಲ್ಲ. ಆದರೆ ಈಗ ಪಟ್ಟಣಗಳ ಅಂಚಿನಲ್ಲಿಯೂ ಹೆದ್ದಾರಿಗಳ ಬದಿಯಲ್ಲಿಯೂ ಇರುವ ಜಮೀನುಗಳಲ್ಲಿ ಚರ್ಮ ಹದಮಾಡುವ ಮಂಡಿಗಳು, ಬಣ್ಣದ ಕಾರ್ಖಾನೆಗಳು, ಲೋಹಕ್ಕೆ ಲೇಪ ಕೊಡುವ ಕೆಲಸದ ಮನೆಗಳು, ಹಳೆಯ ಬ್ಯಾಟರಿಗಳಿಂದ ಸೀಸವನ್ನು ಕರಗಿಸುವ ಒಲೆಗಳು, ಕೀಟನಾಶಕಗಳ ಉಗ್ರಾಣಗಳು, ಪೆಟ್ರೋಲ್ ಬಂಕುಗಳು ಏಳುತ್ತವೆ. ಕೆಲವು ವರ್ಷಗಳಾದ ಮೇಲೆ ಮುಚ್ಚಿಹೋಗುತ್ತವೆ. ಕಟ್ಟಡ ಹೋದರೂ ಅದು ಬಿಟ್ಟ ವಿಷವು ಹೋಗುವುದಿಲ್ಲ. ಆದುದರಿಂದ ಇಂತಹ ನೆಲವು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗುವ ಮೊದಲೇ ಪರೀಕ್ಷೆಗೆ ಒಳಪಡುವುದು ಅತ್ಯಾವಶ್ಯಕ.

ಈ ಮಾತು ಎಷ್ಟು ನಿಜವೆಂಬುದಕ್ಕೆ ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ಛ್ರಿ ಎಂಬ ಗ್ರಾಮದ ವೃತ್ತಾಂತವೇ ಸಾಕ್ಷಿ. ಆ ಗ್ರಾಮದ ಬಳಿ ಗಂಧಕಾಮ್ಲವನ್ನೂ ಸೂಪರ್ ಫಾಸ್ಫೇಟ್ ಗೊಬ್ಬರವನ್ನೂ ತಯಾರಿಸುವ ಕಾರ್ಖಾನೆಯ ಆವರಣದಲ್ಲಿ, ೧೯೮೮ನೆಯ ಇಸವಿಯ ಸುಮಾರಿಗೆ, ಬಣ್ಣಗಳ ತಯಾರಿಕೆಗೆ ಬೇಕಾಗುವ ಎಚ್ ಆಮ್ಲವೆಂಬ ಪದಾರ್ಥವನ್ನು ಉತ್ಪತ್ತಿಮಾಡತೊಡಗಿದರು. ಅದು ಸಂಪೂರ್ಣವಾಗಿ ಹೊರದೇಶಕ್ಕೆ ಹೋಗತಕ್ಕ ಸರಕು. ತಯಾರಾದ ಆಮ್ಲ ಸುಮಾರು ೩೭೫ ಟನ್ನು; ಅದರಿಂದುಂಟಾದ ವಿಷಮಯವಾದ ರಾಡಿಯಾದರೋ ಸುಮಾರು ೨,೪೪೦ ಟನ್ನು. ಸರಕು ಹಡಗನ್ನೇರಿತು, ರಾಡಿ ಗ್ರಾಮದಲ್ಲಿ ಉಳಿಯಿತು. ಕೊಳಕು ನೀರನ್ನು ಶುದ್ಧಿಮಾಡದೆ ಹರಿಯಬಿಟ್ಟರು. ರಾಡಿಯನ್ನು ಬಯಲಿನಲ್ಲಿ ಚೆಲ್ಲಿ, ಕೆಲವು ಕಡೆ ಮೇಲೆ ಮಣ್ಣು ಮುಚ್ಚಿದರು. ಮಳೆಯ ನೀರು ಅದನ್ನು ಕರಗಿಸಿಕೊಂಡು ಕೆಳಕ್ಕೆ ಇಳಿಯಿತು. ಬಾವಿಗಳ ನೀರು ಕಪ್ಪಾಯಿತು. ಅದು ಜನರು ಕುಡಿಯುವುದಕ್ಕಾಗಲಿ ದನಕರುಗಳಿಗಾಗಲಿ ಪೈರಿಗಾಗಲಿ ಯೋಗ್ಯವಾಗಿ ಉಳಿಯಲಿಲ್ಲ. ಮಣ್ಣು ಸಾಗುವಳಿಗೆ ಬಾರದಂತಾಯಿತು.

೧೯೮೯ರಲ್ಲಿಯೇ ಆ ಆಮ್ಲದ ತಯಾರಿಕೆ ನಿಂತುಹೋಯಿತು. ಆದರೆ ಗ್ರಾಮದ ಕಷ್ಟವು ಅದರೊಡನೆ ನಿಲ್ಲಲಿಲ್ಲ. ಅದೇ ವರ್ಷ ವ್ಯಾಜ್ಯವು ಸುಪ್ರೀಂ ಕೋರ್ಟನ್ನು ತಲುಪಿತು. ೧೯೯೬ರ ಫೆಬ್ರವರಿ ತಿಂಗಳಿನಲ್ಲಿ ಕೋರ್ಟು, ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನು ಭರಿಸತಕ್ಕದ್ದೆಂಬ ಧರ್ಮಸೂತ್ರವನ್ನು ಈ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಅನ್ವಯಿಸಿತು. "ಮಾಡಿದ್ದುಣ್ಣೋ ಮಹರಾಯ" ಎಂಬ ನಮ್ಮ ಗಾದೆಯ ಅರ್ಥವೇ ಅದು. ಶುದ್ಧೀಕರಣದ ವೆಚ್ಚವು ೩೭ ಕೋಟಿ ೩೮ ಲಕ್ಷದ ೫೦ ಸಾವಿರ ರೂಪಾಯಿಗಳೆಂದು ೧೯೯೭ರಲ್ಲಿ ಗೊತ್ತಾಯಿತು. ಆದರೂ ಕಾರ್ಖಾನೆಯವರು ಅರ್ಜಿಯ ಮೇಲೆ ಅರ್ಜಿಯನ್ನು ಹಾಕಿ ಹಣ ಕೊಡದೆ ಕಾಲಹರಣ ಮಾಡಿದರು. ಕಡೆಗೆ ೨೦೧೧ರಲ್ಲಿ ಕೋರ್ಟು ಆ ಮೊಬಲಗನ್ನು ನೂರಕ್ಕೆ ೧೨ರಂತೆ ಚಕ್ರಬಡ್ಡಿಯೊಡನೆ ಕೊಡಬೇಕೆಂದು ಮತ್ತೊಮ್ಮೆ ಆಜ್ಞಾಪಿಸಬೇಕಾಯಿತು. ತಯಾರಿಕೆ ನಡೆದ ಕಾಲ ಅತ್ಯಲ್ಪ; ನ್ಯಾಯಕ್ಕಾಗಿ ಕಾದ ಕಾಲ ಇಪ್ಪತ್ತೆರಡು ವರ್ಷ. ಅಷ್ಟರೊಳಗೆ ಒಂದು ತಲೆಮಾರಿನ ಬೇಸಾಯವೇ ಕಳೆದುಹೋಗುವುದು.

ಕೆಟ್ಟ ನೆಲದ ಬೆಲೆ ಕ್ರಯಪತ್ರದಲ್ಲಿ ಕಾಣುವುದಿಲ್ಲವೆಂಬುದಕ್ಕೆ ಅಮೆರಿಕ ದೇಶದ ನಯಾಗರ ಫಾಲ್ಸ್ ಪಟ್ಟಣದ ಉದಾಹರಣೆಯನ್ನೂ ಗಮನಿಸಬಹುದು. ಅಲ್ಲಿ ಲವ್ ಕೆನಾಲ್ ಎಂಬ ಅರ್ಧಕ್ಕೆ ನಿಂತ ಕಾಲುವೆಯೊಂದರಲ್ಲಿ ಹೂಕರ್ ಕಂಪನಿಯವರು ೧೯೪೨ರಿಂದ ಸುಮಾರು ಹತ್ತು ವರ್ಷಗಳ ಕಾಲ ೨೧,೦೦೦ ಟನ್ನಿನಷ್ಟು ರಾಸಾಯನಿಕ ಕಸವನ್ನು ತುಂಬಿ ಮಣ್ಣು ಮುಚ್ಚಿದರು. ೧೯೫೩ರಲ್ಲಿ ಆ ನೆಲವನ್ನು ಒಂದೇ ಡಾಲರಿಗೆ ಅಲ್ಲಿನ ಶಾಲಾ ಮಂಡಳಿಗೆ ಕೊಟ್ಟರು. ಕೆಳಗೆ ಕಸವಿದೆಯೆಂದೂ, ಮುಂದೆ ಏನಾದರೂ ಕಂಪನಿಯು ಹೊಣೆಯಲ್ಲವೆಂದೂ ಪತ್ರದಲ್ಲಿಯೇ ಬರೆದಿತ್ತು. ಆದಾಗ್ಯೂ ಅಲ್ಲಿ ಶಾಲೆಯೂ ಸುತ್ತಲೂ ಮನೆಗಳೂ ಎದ್ದವು. ೧೯೭೮ರಲ್ಲಿ ವಿಷವು ಮನೆಗಳ ನೆಲಮಾಳಿಗೆಗಳಿಗೆ ಒಸರಿ ಬಂದುದು ಪ್ರಸಿದ್ಧವಾಗಿ, ಅಧ್ಯಕ್ಷ ಕಾರ್ಟರರು ತುರ್ತುಸ್ಥಿತಿಯನ್ನು ಸಾರಿದರು. ನೂರಾರು ಸಂಸಾರಗಳು ಮನೆ ಬಿಟ್ಟು ಹೋದವು. ಒಂದು ಡಾಲರಿನ ನೆಲವು ಎಷ್ಟು ದುಬಾರಿಯಾಯಿತೆಂಬುದು ಆಗ ತಿಳಿಯಿತು. ೧೯೮೦ರಲ್ಲಿ ಆ ದೇಶವು ಇಂತಹ ಸ್ಥಳಗಳ ಶುದ್ಧೀಕರಣಕ್ಕಾಗಿಯೇ ಒಂದು ಕಾನೂನನ್ನು ಮಾಡಿತು. ಕೊಳ್ಳುವ ಮೊದಲು ಯಥೋಚಿತವಾಗಿ ವಿಚಾರಣೆ ನಡೆಸಿದವನಿಗೆ ಹಿಂದಿನವರ ತಪ್ಪಿನ ಹೊಣೆಯಿಂದ ರಕ್ಷಣೆಯುಂಟೆಂಬ ವಿಧಿಯೂ ಅಲ್ಲಿ ಕ್ರಮೇಣ ಏರ್ಪಟ್ಟಿತು. ವಿಚಾರಿಸಿದವನಿಗೆ ರಕ್ಷಣೆ, ಉಪೇಕ್ಷಿಸಿದವನಿಗೆ ಹೊಣೆ ಎಂಬ ಈ ನೀತಿ ವಿವೇಕವುಳ್ಳದ್ದು.

ಪರೀಕ್ಷೆಯ ಕ್ರಮವು ಕಷ್ಟವಾದುದಲ್ಲ. ಮೊದಲನೆಯ ಹಂತದಲ್ಲಿ ಅಗೆಯುವ ಅವಶ್ಯಕತೆಯೇ ಇಲ್ಲ. ಹಿಂದೆ ಆ ಸ್ಥಳದಲ್ಲಿ ಯಾವ ಕಸುಬು ನಡೆಯುತ್ತಿತ್ತು, ಯಾವ ಪದಾರ್ಥಗಳನ್ನು ಎಲ್ಲಿ ಶೇಖರಿಸುತ್ತಿದ್ದರು, ಕಸವನ್ನು ಎಲ್ಲಿ ಹಾಕುತ್ತಿದ್ದರು, ನೆಲದೊಳಗೆ ತೊಟ್ಟಿಗಳು ಉಂಟೇ ಎಂಬುದನ್ನು ಕಾಗದಪತ್ರಗಳಿಂದಲೂ ಹಳೆಯ ಕೆಲಸಗಾರರಿಂದಲೂ ತಿಳಿಯಬೇಕು. ಸ್ಥಳವನ್ನು ಸುತ್ತಿ, ಹುಲ್ಲು ಬೆಳೆಯದ ಜಾಗ, ಬಣ್ಣ ತಿರುಗಿದ ಮಣ್ಣು, ಎಣ್ಣೆಯ ಕಲೆ, ವಿಪರೀತ ವಾಸನೆ ಇವುಗಳನ್ನು ಗುರುತಿಸಬೇಕು. ಸಂಶಯಕ್ಕೆ ಎಡೆ ಕಂಡರೆ ಎರಡನೆಯ ಹಂತದಲ್ಲಿ ಹಲವು ಆಳಗಳಿಂದ ಮಣ್ಣಿನ ಮಾದರಿಗಳನ್ನೂ ಸುತ್ತಣ ಬಾವಿಗಳ ನೀರನ್ನೂ ತೆಗೆದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು. ಇಲ್ಲಿ ಒಂದು ಭ್ರಾಂತಿಯನ್ನು ಬಿಡಬೇಕು: ತಿಳಿಯಾದ ನೀರೆಲ್ಲ ಶುದ್ಧವಲ್ಲ. ಪಾಷಾಣವಾಗಲಿ ಸೀಸವಾಗಲಿ ನೀರಿನಲ್ಲಿ ಕರಗಿದಾಗ ಕಣ್ಣಿಗೂ ನಾಲಗೆಗೂ ಗೊತ್ತಾಗುವುದಿಲ್ಲ. ಗೊಬ್ಬರದ ಪ್ರಮಾಣವನ್ನು ಗೊತ್ತುಮಾಡುವ ಸಾಮಾನ್ಯ ಮಣ್ಣು ಪರೀಕ್ಷೆಯಿಂದಲೂ ಇವೆಲ್ಲವೂ ತಿಳಿಯಲಾರವು. ಹಿಂದಿನ ಕಸುಬನ್ನು ತಿಳಿಸಿ, ಅದಕ್ಕೆ ಸಂಬಂಧಿಸಿದ ವಿಷಗಳನ್ನೇ ಹುಡುಕುವಂತೆ ಕೇಳಬೇಕು.

ಮೂರನೆಯದು ಶುದ್ಧೀಕರಣ. ಕೆಟ್ಟ ಮಣ್ಣನ್ನು ಅಗೆದು ಅದಕ್ಕೆಂದೇ ಏರ್ಪಟ್ಟ ಭದ್ರವಾದ ಗುಂಡಿಗಳಿಗೆ ಸಾಗಿಸುವುದು, ನೀರಿಳಿಯದಂತೆ ಮೇಲೆ ಹೊದಿಕೆ ಹಾಕುವುದು, ಅಂತರ್ಜಲವನ್ನು ಮೇಲೆತ್ತಿ ಶೋಧಿಸುವುದು, ಎಣ್ಣೆಯಿಂದ ಕೆಟ್ಟ ಮಣ್ಣನ್ನು ಸೂಕ್ಷ್ಮಜೀವಿಗಳ ಸಹಾಯದಿಂದ ಸರಿಪಡಿಸುವುದು, ಇವು ರೂಢಿಯಲ್ಲಿರುವ ಕ್ರಮಗಳು. ಯಾವುದು ಯುಕ್ತವೆಂಬುದನ್ನು ತಜ್ಞರೇ ನಿರ್ಣಯಿಸಬೇಕು. ಆದರೆ ಮಾಡಕೂಡದ ಕೆಲಸಗಳನ್ನು ಎಲ್ಲರೂ ತಿಳಿದಿರಬೇಕು. ಇಂತಹ ನೆಲವನ್ನು ಉತ್ತರೆ ವಿಷವು ಹರಡುವುದು. ಮಣ್ಣು ಮುಚ್ಚಿದರೆ ಬಿಚ್ಛ್ರಿಯಲ್ಲಿ ಆದಂತೆ ಹುಡುಕಿ ತೆಗೆಯುವುದೇ ಕಷ್ಟವಾಗುವುದು. ಅಗೆದು ಕೆರೆಯಂಗಳಕ್ಕೆ ಸುರಿದರೆ ಒಬ್ಬನ ಕೇಡು ಊರಿನ ಕೇಡಾಗುವುದು.

ಪರೀಕ್ಷೆ ಮಾಡಿಸಿದರೆ ಜಮೀನಿನ ಬೆಲೆ ಇಳಿಯುವುದೆಂದು ಕೆಲವರು ಅಂಜುವುದುಂಟು. ಈ ಅಂಜಿಕೆ ನಿರಾಧಾರವಲ್ಲ. ಆದರೆ ಬೆಲೆಯನ್ನು ಇಳಿಸುವುದು ನೆಲದಲ್ಲಿರುವ ವಿಷವೇ ಹೊರತು ಪ್ರಯೋಗಾಲಯದ ಕಾಗದವಲ್ಲ. ಶುದ್ಧವೆಂದು ಗೊತ್ತಾದ ನೆಲಕ್ಕೆ ಆ ಕಾಗದವೇ ಒಂದು ಆಧಾರವಾಗುವುದು. ಮೇಲಾಗಿ, ಪರಿವರ್ತನೆಗೊಂಡ ಜಮೀನನ್ನು ಕಾರ್ಖಾನೆಗೆ ಬಾಡಿಗೆಗೆ ಕೊಡುವ ಮಾಲೀಕರಿಗೆ ಇದರಿಂದಾಗುವ ಲಾಭವು ಹೆಚ್ಚು. ಕೊಡುವ ಮೊದಲು ಒಮ್ಮೆ, ಹಿಂದಕ್ಕೆ ಪಡೆಯುವಾಗ ಒಮ್ಮೆ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿ, ಎರಡು ವರದಿಗಳನ್ನೂ ಇಟ್ಟುಕೊಂಡಲ್ಲಿ ಕೆಡಿಸಿದವರು ಯಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಶುದ್ಧಿಮಾಡಿ ಒಪ್ಪಿಸತಕ್ಕದ್ದೆಂಬ ಷರತ್ತನ್ನು ಕರಾರುಪತ್ರದಲ್ಲಿ ಬರೆಯಿಸುವುದೂ ಅಗತ್ಯ.

ಕಾನೂನಿನ ಬೆಂಬಲವೂ ಈಗ ಒದಗಿದೆ. ೧೯೮೬ರ ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ ಭಾರತ ಸರ್ಕಾರವು ೨೦೨೫ರ ಜುಲೈ ತಿಂಗಳಿನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಯ ಬಗ್ಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿದೆ. ಇವುಗಳ ಪ್ರಕಾರ ಸಂಶಯಾಸ್ಪದ ಸ್ಥಳಗಳನ್ನು ಗುರುತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸುವ ಕೆಲಸದಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಜಿಲ್ಲಾಡಳಿತಕ್ಕೂ ಪಾತ್ರವಿದೆ. ಮಂಡಳಿಯು ಮೊದಲು ಪ್ರಾಥಮಿಕ ಪರೀಕ್ಷೆಯನ್ನೂ, ಅವಶ್ಯವಿದ್ದರೆ ವಿವರವಾದ ಪರೀಕ್ಷೆಯನ್ನೂ ನಡೆಸುವುದು; ಶುದ್ಧೀಕರಣದ ವೆಚ್ಚವು ಕೆಡಿಸಿದವರ ಮೇಲೆ ಬೀಳುವುದು. ಆದರೆ ನಿಯಮವು ತಾನಾಗಿಯೇ ಊರಿಗೆ ನಡೆದು ಬರುವುದಿಲ್ಲ. ಯಾವ ಬಾವಿಯ ನೀರು ಯಾವ ವರ್ಷದಿಂದ ಕೆಟ್ಟಿತು, ಯಾವ ಶೆಡ್ಡಿನಲ್ಲಿ ಏನು ಕೆಲಸ ನಡೆಯುತ್ತಿತ್ತು ಎಂಬುದನ್ನು ಊರಿನ ಪ್ರಮುಖರಷ್ಟು ಚೆನ್ನಾಗಿ ಮತ್ತಾರೂ ಅರಿಯರು. ಅವರು ಗ್ರಾಮದ ಎಲ್ಲೆಯೊಳಗಿನ ಹಳೆಯ ಮತ್ತು ಹೊಸ ಕಾರ್ಖಾನೆಗಳ ಒಂದು ಪಟ್ಟಿಯನ್ನು ಸರ್ವೇ ನಂಬರುಗಳೊಡನೆ ಬರೆದು ಪಂಚಾಯಿತಿಯಲ್ಲಿ ಇಡುವುದೂ, ಸಂಶಯ ಕಂಡೊಡನೆ ಲಿಖಿತವಾಗಿ ಅಧಿಕಾರಿಗಳಿಗೆ ತಿಳಿಸುವುದೂ ಊರಿಗೆ ಮಾಡುವ ದೊಡ್ಡ ಉಪಕಾರ.

ಕೊಳ್ಳೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವಿಲ್ಲ. ಬಿಚ್ಛ್ರಿಯ ರೈತರ ಪಕ್ಷದಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವೇ ನಿಂತಿತು. ಆದರೂ ತೀರ್ಪಿನಿಂದ ಕೆಟ್ಟ ಬಾವಿಯು ತಿಳಿಯಾಗಲಿಲ್ಲ. ನೆಲವನ್ನು ಕೊಡುವವರೂ ಕೊಳ್ಳುವವರೂ ಮೂಲಪತ್ರವನ್ನು ಓದುವಷ್ಟೇ ಶ್ರದ್ಧೆಯಿಂದ ಮಣ್ಣಿನ ಮತ್ತು ನೀರಿನ ವರದಿಯನ್ನೂ ಓದುವ ಅಭ್ಯಾಸವನ್ನು ಕೈಗೊಂಡಲ್ಲಿ, ಅಂತಹ ವ್ಯಾಜ್ಯಕ್ಕೆ ಕಾರಣವೇ ಇರಲಾರದು.